ಮಗುವಿನ ಸಿಟ್ಟು, ಅಳು ಮತ್ತು ‘ಹುಡುಗ–ಹುಡುಗಿ’ ಎಂಬ ಪಾಠ: ಮೂರರಿಂದ ಏಳು ವರ್ಷದ ಮಕ್ಕಳ ಮನೆಯವರಿಗೆ

ನಾಲ್ಕು ವರ್ಷದ ಮಗುವೊಂದು ಅಂಗನವಾಡಿಯಿಂದ ಬಂದ ಕೂಡಲೇ ಚೀಲವನ್ನು ಎಸೆದು, ಎದುರಿಗೆ ಬಂದ ತಮ್ಮನನ್ನು ತಳ್ಳಿ, ಊಟವೂ ಬೇಡವೆಂದು ಬಾಗಿಲ ಮರೆಯಲ್ಲಿ ಕುಳಿತುಬಿಡುತ್ತದೆ ಎಂದುಕೊಳ್ಳಿ. ಅದು ಗಂಡುಮಗುವಾದರೆ ‘ಹುಡುಗ್ರು ಅಂದ್ಮೇಲೆ ಸ್ವಲ್ಪ ಪುಂಡಾಟ ಇರೋದೇ’ ಎಂಬ ಮಾತು ಒಳಗಿನಿಂದ ಕೇಳಿಬರುತ್ತದೆ. ಹೆಣ್ಣುಮಗುವಾದರೆ ‘ಹೆಣ್ಣಿಗೆ ಇಷ್ಟೊಂದು ಸಿಟ್ಟು ಒಳ್ಳೇದಲ್ಲಮ್ಮ’ ಎಂಬ ಬುದ್ಧಿವಾದ. ಅಂಗನವಾಡಿಯಲ್ಲಿ ಆ ದಿನ ಏನು ನಡೆಯಿತು ಎಂದು ಎರಡೂ ಮನೆಗಳಲ್ಲಿ ಯಾರೂ ವಿಚಾರಿಸಿರುವುದಿಲ್ಲ. ಮಗುವಿನ ವರ್ತನೆಯನ್ನು ಅರ್ಥಮಾಡಿಕೊಳ್ಳಬಯಸುವವರು ಮೊದಲು ರೂಢಿಸಿಕೊಳ್ಳಬೇಕಾದದ್ದು ಇದನ್ನೇ: ಕಣ್ಣಿಗೆ ಕಂಡ ವರ್ತನೆಗೆ ‘ಗಂಡು’, ‘ಹೆಣ್ಣು’ ಎಂಬ ಕಾರಣವನ್ನು ಹಚ್ಚದೆ, ಅದರ ಹಿಂದಿನ ಭಾವನೆಯನ್ನು ಹುಡುಕುವುದು.

ಹೇಳುವಷ್ಟು ಸುಲಭದ ಕೆಲಸ ಇದಲ್ಲ. ಅಮೆರಿಕದ ಸಂಶೋಧಕರಾದ ಜಾನ್ ಕಾಂಡ್ರಿ ಮತ್ತು ಸಾಂಡ್ರಾ ಕಾಂಡ್ರಿ 1976ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಂದೇ ಹಸುಗೂಸಿನ ಒಂದೇ ಚಿತ್ರೀಕರಣವನ್ನು ವಯಸ್ಕರಿಗೆ ತೋರಿಸಿ, ಕೆಲವರಿಗೆ ಅದು ಗಂಡೆಂದೂ ಉಳಿದವರಿಗೆ ಹೆಣ್ಣೆಂದೂ ಹೇಳಲಾಗಿತ್ತು. ಪೆಟ್ಟಿಗೆಯೊಳಗಿಂದ ಗೊಂಬೆ ಫಕ್ಕನೆ ಚಿಮ್ಮಿದಾಗ ಆ ಕೂಸು ತೋರಿದ ಕಳವಳವನ್ನು, ಗಂಡೆಂದು ತಿಳಿದವರು ಹೆಚ್ಚಾಗಿ ಸಿಟ್ಟೆಂದು ಗುರುತಿಸಿದರೆ, ಹೆಣ್ಣೆಂದು ತಿಳಿದವರು ಭಯವೆಂದು ಗುರುತಿಸಿದರು. ಹೆದರಿದ ಮಗುವನ್ನು ನಾವು ಎತ್ತಿಕೊಳ್ಳುತ್ತೇವೆ, ಸಿಟ್ಟಾದ ಮಗುವನ್ನು ಗದರಿಸುತ್ತೇವೆ ಅಥವಾ ಅದರ ಪಾಡಿಗೆ ಬಿಡುತ್ತೇವೆ. ಹೀಗಾಗಿ ಮಾತು ಬರುವುದಕ್ಕೆ ಮೊದಲೇ, ತನ್ನ ಯಾವ ಅಳುವಿಗೆ ಮಡಿಲು ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ ಎಂಬುದು ಮಗುವಿಗೆ ತಿಳಿದುಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಲಿಂಗಪಾತ್ರದ, ಅಂದರೆ ಗಂಡು ಹೀಗಿರಬೇಕು, ಹೆಣ್ಣು ಹಾಗಿರಬೇಕು ಎಂಬುದರ, ಮೊದಲ ಪಾಠ ಬಟ್ಟೆಯ ಬಣ್ಣಕ್ಕಿಂತ, ಆಟಿಕೆಗಿಂತ ಮುಂಚೆ ಇಲ್ಲಿಯೇ ಆಗುತ್ತದೆ.

ಅತ್ತಾಗ, ಎಸೆದಾಗ, ಹೊಡೆದಾಗ

ಮಗು ರಂಪ ಮಾಡುತ್ತಿರುವಾಗ ಅದಕ್ಕೆ ನೀತಿ ಹೇಳಬೇಡಿ. ಉದ್ವೇಗವನ್ನು ಹಿಡಿತದಲ್ಲಿಡುವ ಮೆದುಳಿನ ಮುಂಭಾಗವು ಪೂರ್ಣವಾಗಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ನಾಲ್ಕು ವರ್ಷದ ಮಗುವಿನಿಂದ ಆ ಹಿಡಿತವನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಮೊದಲು ಹಸಿವು, ನಿದ್ದೆ, ಜ್ವರ ಇವುಗಳನ್ನು ನೋಡಿ. ಅರ್ಧದಷ್ಟು ಜಗಳಗಳು ಅಲ್ಲಿಗೇ ತಣ್ಣಗಾಗುತ್ತವೆ. ಆಮೇಲೆ ಮಗುವಿನ ಎತ್ತರಕ್ಕೆ ಕುಳಿತು, ಕಂಡದ್ದನ್ನು ಕಂಡ ಹಾಗೆ, ಚಿಕ್ಕ ಮಾತಿನಲ್ಲಿ ಹೇಳಿ: ‘ಬ್ಯಾಗ್ ಎಸೆದುಬಿಟ್ಟೆ. ಏನೋ ಬೇಜಾರಾಗಿದೆ ಅಲ್ವಾ ಪುಟ್ಟಾ? ತಮ್ಮನ್ನ ತಳ್ಳೋದು ಬೇಡ, ಅವನಿಗೆ ನೋವಾಗುತ್ತೆ. ಬಾ, ನನ್ನ ಹತ್ರ ಕೂತ್ಕೋ.’ ಇದರಲ್ಲಿ ಭಾವನೆಗೆ ಜಾಗವಿದೆ, ತಳ್ಳುವುದಕ್ಕೆ ಜಾಗವಿಲ್ಲ. ಭಾವನೆಯನ್ನು ಒಪ್ಪಿಕೊಂಡರೆ ಮಗು ಹಾಳಾಗುತ್ತದೆಂದು ಹೆದರುವವರು ಈ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

‘ಯಾಕೆ ಹೀಗೆ ಮಾಡ್ದೆ?’ ಎಂಬ ಪ್ರಶ್ನೆಗೆ ಈ ವಯಸ್ಸಿನಲ್ಲಿ ಉತ್ತರ ಸಿಗುವುದು ಕಷ್ಟ. ‘ಇವತ್ತು ನಿನ್ನ ಪಕ್ಕ ಯಾರು ಕೂತಿದ್ರು?’, ‘ಊಟ ಆದ್ಮೇಲೆ ಏನಾಟ ಆಡಿದ್ರಿ?’ ಎಂದು ಕೇಳಿದರೆ ವಿಷಯ ತಾನಾಗಿ ಹೊರಬರುತ್ತದೆ. ಬಾರದಿದ್ದರೆ ಅಡುಗೆಯಾಟವನ್ನೋ ಟೀಚರಾಟವನ್ನೋ ಗಮನಿಸಿ. ಗೊಂಬೆಯನ್ನು ಮೂಲೆಗೆ ಕೂರಿಸಿ ‘ನಿನ್ನನ್ನ ಯಾರೂ ಸೇರಿಸ್ಕೊಳ್ಳಲ್ಲ, ಹೋಗು’ ಎಂದು ಗದರುವ ಮಗು, ತಾನು ಆ ದಿನ ಕೇಳಿಸಿಕೊಂಡ ಮಾತನ್ನೇ ಹೇಳುತ್ತಿರಬಹುದು.

ಸಿಟ್ಟು, ಬೇಜಾರು, ಭಯ, ನಾಚಿಕೆ, ಹೊಟ್ಟೆಕಿಚ್ಚು, ಅವಮಾನ ಈ ಎಲ್ಲ ಪದಗಳೂ ಪ್ರತಿ ಮಗುವಿನ ಬಾಯಲ್ಲಿ ಇರಬೇಕು. ನಮ್ಮ ಮನೆಗಳಲ್ಲಿ ಗಂಡುಮಕ್ಕಳ ಪಾಲಿಗೆ ಸಿಟ್ಟೊಂದನ್ನು ಬಿಟ್ಟು ಉಳಿದವು ಬೇಗ ಕಳೆದುಹೋಗುತ್ತವೆ. ‘ಹುಡುಗಿ ಥರ ಅಳ್ತೀಯಾ?’ ಎಂಬ ಒಂದು ಮಾತು ಹುಡುಗನ ಅಳುವನ್ನು ನಿಲ್ಲಿಸುವುದಷ್ಟೇ ಅಲ್ಲ, ಹುಡುಗಿಯಾಗಿರುವುದು ಕೀಳು ಎಂದು ಪಕ್ಕದಲ್ಲಿ ಕುಳಿತ ಅವನ ಅಕ್ಕನಿಗೂ ಕಲಿಸುತ್ತದೆ. ನಗುವ ಹೆಂಗಸನ್ನು, ಅಳುವ ಗಂಡಸನ್ನು ನಂಬಬಾರದೆಂಬ ಗಾದೆಯನ್ನು ಮಕ್ಕಳೆದುರು ಆಡದಿರುವುದೇ ಲೇಸು.

ವಯಸ್ಸಿಗೆ ತಕ್ಕ ತಿಳಿವಳಿಕೆ

ತಾನು ಹುಡುಗನೋ ಹುಡುಗಿಯೋ ಎಂಬುದನ್ನು ಮಕ್ಕಳು ಸುಮಾರು ಎರಡೂವರೆ–ಮೂರು ವರ್ಷದ ಹೊತ್ತಿಗೆ ಹೇಳಬಲ್ಲರು. ಆದರೆ ಅದು ಬದಲಾಗದೆ ಉಳಿಯುವಂಥದ್ದು, ಜುಟ್ಟು ಕಟ್ಟಿದರೆ ಹುಡುಗ ಹುಡುಗಿಯಾಗುವುದಿಲ್ಲ ಎಂಬ ತಿಳಿವಳಿಕೆ ಹಂತಹಂತವಾಗಿ ಬೆಳೆದು, ಆರೇಳು ವರ್ಷದ ಹೊತ್ತಿಗೆ ಗಟ್ಟಿಯಾಗುತ್ತದೆಂದು ಅಮೆರಿಕದ ಮನೋವಿಜ್ಞಾನಿ ಲಾರೆನ್ಸ್ ಕೋಲ್‌ಬರ್ಗ್ 1966ರಲ್ಲಿ ವಿವರಿಸಿದರು. ಮುಂದೆ ಮನೋವಿಜ್ಞಾನಿ ಸಾಂಡ್ರಾ ಬೆಮ್ 1989ರ ಅಧ್ಯಯನದಲ್ಲಿ, ಗಂಡು–ಹೆಣ್ಣಿನ ದೇಹದ ವ್ಯತ್ಯಾಸ ಗೊತ್ತಿದ್ದ ಪುಟ್ಟ ಮಕ್ಕಳಲ್ಲಿ ಹೆಚ್ಚಿನವರು ಇದನ್ನು ಇನ್ನೂ ಬೇಗ ಗ್ರಹಿಸುತ್ತಾರೆಂದು ತೋರಿಸಿದರು. ಆದ್ದರಿಂದ ಕೈ, ಕಾಲು, ಮೂಗಿನ ಹೆಸರನ್ನು ಕಲಿಸುವಷ್ಟೇ ಸಹಜವಾಗಿ, ಸ್ನಾನ ಮಾಡಿಸುವಾಗ, ಗುಪ್ತಾಂಗಗಳ ಹೆಸರನ್ನೂ ಕಲಿಸಿ. ಯಾರಾದರೂ ಕೆಟ್ಟದಾಗಿ ಮುಟ್ಟಿದರೆ ಬಂದು ಹೇಳಲು ಮಗುವಿಗೆ ಪದವಾದರೂ ಇರುತ್ತದೆ.

ನಾಲ್ಕೈದು ವರ್ಷದಲ್ಲಿ ಮಕ್ಕಳು ಈ ವಿಷಯದಲ್ಲಿ ದೊಡ್ಡವರಿಗಿಂತ ಕಟ್ಟುನಿಟ್ಟಾಗಿರುತ್ತಾರೆ. ‘ಪಿಂಕ್ ಹುಡುಗೀರದ್ದು’, ‘ಲಾರಿ ಹುಡುಗರದ್ದು’ ಎಂದು ತೀರ್ಪು ಕೊಡುತ್ತಾರೆ. ತಮ್ಮ ತಮ್ಮವರೊಡನೆಯೇ ಆಡಲು ಬಯಸುತ್ತಾರೆ. ಹೊಸದಾಗಿ ತಿಳಿದ ನಿಯಮವನ್ನು ಎಲ್ಲ ಕಡೆಗೂ ಅನ್ವಯಿಸಿ ನೋಡುವ ವಯಸ್ಸದು, ಗಾಬರಿ ಬೇಡ. ಭಾಷಣ ಮಾಡುವ ಬದಲು ಕಣ್ಣೆದುರಿನ ಉದಾಹರಣೆಯನ್ನು ತೋರಿಸಿ: ‘ನಮ್ಮೂರಿನ ಬಸ್ಸಿಗೆ ಕಂಡಕ್ಟರ್ ಅಕ್ಕ ಇದಾರಲ್ಲ? ಮದುವೆ ಮನೇಲಿ ಅಡುಗೆ ಮಾಡಿದ್ದು ಯಾರು, ಅಡುಗೆ ಭಟ್ಟರಲ್ವಾ?’ ಏಳು ವರ್ಷ ದಾಟಿದ ಮೇಲೆ ಈ ಬಿಗಿತ ಸಾಮಾನ್ಯವಾಗಿ ಸಡಿಲವಾಗುತ್ತದೆ, ಮನೆಯವರು ಅದನ್ನು ಮತ್ತೆ ಬಿಗಿಗೊಳಿಸದಿದ್ದರೆ.

ಗಂಡುಮಗು ಅಕ್ಕನ ಬಳೆ ತೊಟ್ಟುಕೊಂಡು ಕನ್ನಡಿಯ ಮುಂದೆ ನಿಂತಾಗ ಮನೆಯಲ್ಲಿ ಏಳುವ ಗದ್ದಲವನ್ನು ನೋಡಿದರೆ ಸಂಕಟವಾಗುತ್ತದೆ. ಅದೇ ಮಗುವಿಗೆ ವರ್ಷ ತುಂಬಿದಾಗ ಲಂಗ ಉಡಿಸಿ, ಮೊಗ್ಗಿನ ಜಡೆ ಹಾಕಿಸಿ, ಫೋಟೊ ತೆಗೆಸಿ ಗೋಡೆಗೆ ತೂಗುಹಾಕಿದವರು ನಾವೇ. ಬಳೆಯ ಸದ್ದು, ಬಣ್ಣ, ಅಕ್ಕನಂತಾಗುವ ಆಸೆ ಇಷ್ಟೇ ಅದರ ಮನಸ್ಸಿನಲ್ಲಿರುವುದು. ‘ಚೆನ್ನಾಗಿ ಸದ್ದು ಮಾಡುತ್ತಲ್ಲ!’ ಎಂದು ಹೇಳಿ ನಿಮ್ಮ ಕೆಲಸ ಮುಂದುವರಿಸಿ.

ಮನೆಗೆಲಸ ಮತ್ತು ಹೊಗಳಿಕೆ

ಮಕ್ಕಳು ಹೇಳಿದ್ದಕ್ಕಿಂತ ನೋಡಿದ್ದನ್ನು ಕಲಿಯುತ್ತಾರೆ. ಭಾರತದಲ್ಲಿ ಆರು ವರ್ಷ ಮೇಲ್ಪಟ್ಟವರ ದಿನಚರಿಯನ್ನು ಲೆಕ್ಕಹಾಕಿದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಣ್ಣುಮಕ್ಕಳು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ಗಂಡಸರು ಕೊಟ್ಟದ್ದು 97 ನಿಮಿಷ. ಮನೆಯಲ್ಲಿ ಈ ಅಂತರವನ್ನು ದಿನವೂ ನೋಡುವ ಮಗುವಿಗೆ ಸಮಾನತೆಯ ಕಥೆಪುಸ್ತಕ ಓದಿ ಹೇಳಿದರೆ ಪ್ರಯೋಜನ ಅಲ್ಪ. ಕೇರಳವು 2024ರಲ್ಲಿ ಮೂರನೇ ತರಗತಿಯ ಪಠ್ಯದಲ್ಲಿ ಅಪ್ಪ ತೆಂಗಿನಕಾಯಿ ತುರಿಯುವ ಚಿತ್ರವನ್ನು ಸೇರಿಸಿದ್ದು ಒಳ್ಳೆಯದೇ. ಆ ಚಿತ್ರ ಮನೆಯ ತುರಿಮಣೆಯ ಮುಂದೆಯೂ ಕಾಣಬೇಕು. ಉಂಡ ತಟ್ಟೆಯನ್ನು ತೊಳೆಯಲು ಹಾಕುವುದು, ಹಾಸಿಗೆ ಮಡಿಸುವುದು, ಅಂಗಡಿಗೆ ಹೋಗಿಬರುವುದು ಇವನ್ನು ಮಕ್ಕಳ ನಡುವೆ ವಾರಕ್ಕೊಮ್ಮೆ ಅದಲುಬದಲು ಮಾಡಿ.

ಹೊಗಳುವಾಗಲೂ ಎಚ್ಚರವಿರಲಿ. ಮನೋವಿಜ್ಞಾನಿ ಲಿನ್ ಬಿಯಾನ್ ಮತ್ತು ಸಂಗಡಿಗರು 2017ರಲ್ಲಿ ಅಮೆರಿಕದ ಮಕ್ಕಳನ್ನು ಗಮನಿಸಿದಾಗ, ‘ತುಂಬಾ ತುಂಬಾ ಬುದ್ಧಿವಂತರು’ ಎಂದರೆ ಯಾರು ಎಂಬ ಪ್ರಶ್ನೆಗೆ ಐದು ವರ್ಷದ ಹುಡುಗಿಯರು ಹುಡುಗರಷ್ಟೇ ವಿಶ್ವಾಸದಿಂದ ತಮ್ಮ ಕಡೆಯವರನ್ನು ತೋರಿಸಿದರು. ಆರು ವರ್ಷಕ್ಕೆ ಆ ವಿಶ್ವಾಸ ಕುಗ್ಗಿತ್ತು. ‘ಚಂದದ ಗೊಂಬೆ’, ‘ಗಂಡೆದೆ’ ಎಂಬ ಮಾತುಗಳ ಬದಲು ಮಗು ಮಾಡಿದ ಕೆಲಸವನ್ನೇ ಹೆಸರಿಸಿ ಹೊಗಳಿ.

ಅಜ್ಜಿ, ತಾತ, ಅತ್ತೆಯರು ಬೇರೆ ರೀತಿಯಲ್ಲಿ ಮಾತಾಡಿದರೆ ಮಗುವಿನೆದುರು ವಾದಕ್ಕಿಳಿಯಬೇಡಿ. ಆಗ ಮಗುವನ್ನು ಹತ್ತಿರ ಕರೆದುಕೊಳ್ಳಿ. ಆಮೇಲೆ ಅವರೊಬ್ಬರೇ ಇದ್ದಾಗ, ‘ಅಮ್ಮಾ, ಅವನು ಅಳು ನುಂಗಿಕೊಂಡು ರಾತ್ರಿ ಬೆಚ್ಚಿಬೀಳ್ತಿದಾನೆ’ ಎಂದು ಮಗುವಿನ ಕಷ್ಟವನ್ನೇ ಮುಂದಿಡಿ. ಮೊಮ್ಮಕ್ಕಳ ಮೇಲಿನ ಪ್ರೀತಿಯಿಂದ ಹಿರಿಯರು ಬೇಗ ಬದಲಾಗುತ್ತಾರೆ.

ಕೆಲವು ಸಂದರ್ಭಗಳಲ್ಲಿ ಮನೆಮಟ್ಟದ ಪ್ರಯತ್ನ ಸಾಲದು. ಕಲಿತ ಮಾತು ನಿಂತುಹೋದರೆ, ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿದರೆ, ಮಗು ತನಗೆ ತಾನೇ ನೋವು ಮಾಡಿಕೊಳ್ಳುತ್ತಿದ್ದರೆ, ಯಾರೋ ಒಬ್ಬರನ್ನು ಕಂಡರೆ ವಿಪರೀತ ಹೆದರಿದರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. ತನ್ನನ್ನು ಹುಡುಗನೆಂದೋ ಹುಡುಗಿಯೆಂದೋ ಕರೆಯುವುದಕ್ಕೆ ಮಗು ಬಹುಕಾಲ ತೀವ್ರವಾಗಿ ಸಂಕಟಪಡುತ್ತಿದ್ದರೆ ಹೊಡೆದು ತಿದ್ದಲು ಹೋಗಬೇಡಿ; ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗವರ್ಗೀಕರಣದಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ಹೊರಗಿಡಲಾಗಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವಿದೆ. ದೂರದ ಊರಿನವರು ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಗುವಿನ ಮೇಲೆ ದೌರ್ಜನ್ಯ ನಡೆದಿರುವ ಅನುಮಾನವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆಮಾಡಬೇಕು.