ಗುಂಯ್‌ಗುಡುತ್ತಿದ್ದ ‘ಅಬೈಡ್ ವಿತ್ ಮಿ’ ಹ್ಯಾಂಡ್‌ಬೆಲ್‌ಗೆ ಒಗ್ಗಿದ್ದು
‘ಅಬೈಡ್ ವಿತ್ ಮಿ’ ಎಂಬ ಕ್ರೈಸ್ತ ಭಕ್ತಿಗೀತೆಗೆ ವಿಲಿಯಂ ಹೆನ್ರಿ ಮಾಂಕ್ 1861ರಲ್ಲಿ ಕೊಟ್ಟ ‘ಈವನ್‌ಟೈಡ್’ ರಾಗದ ನಾಲ್ಕೂ ಧ್ವನಿಗಳನ್ನು ಇದ್ದಂತೆಯೇ 37 ಕೈಗಂಟೆಗಳ (ಹ್ಯಾಂಡ್‌ಬೆಲ್) ಸೆಟ್‌ಗೆ ಇಳಿಸಿದರೆ ಬರೀ ಕೆಸರು. ಗಂಟೆಯ ಮೂಲಸ್ವರದ ಜೊತೆ ಅದರ ಹನ್ನೆರಡನೇ ಸ್ವರವೂ (ಒಂದು ಆಕ್ಟೇವ್ ಮೇಲಿನ ಪಂಚಮ) ಜೋರಾಗಿ ಮೊಳಗುವುದರಿಂದ, ತಗ್ಗಿನಲ್ಲಿ ಒತ್ತೊತ್ತಾದ ಸ್ವರಗಳು ಒಂದಕ್ಕೊಂದು ಉಜ್ಜುತ್ತವೆ. ತಗ್ಗಿನ ಎರಡು ಧ್ವನಿಗಳಲ್ಲಿ ಮೇಲಿನದಾದ ಟೆನರ್ ತೆಗೆದು, ಕೆಳಗಿನದಾದ ಬಾಸ್ ಮಾತ್ರ ಉಳಿಸಿದೆ. ಸೆಟ್‌ಗಿಂತ ಕೆಳಗಿಳಿದ ಬಾಸ್ ಸ್ವರಗಳು ಒಂದು ಆಕ್ಟೇವ್ ಮೇಲಕ್ಕೆ. ಮುಖ್ಯ ರಾಗವನ್ನೂ ಆಕ್ಟೇವ್ ಏರಿಸಿದೆ. ಇ ಫ್ಲ್ಯಾಟ್ ಶ್ರುತಿಯಲ್ಲಿ ಅದರ ತುದಿ ಸ್ವರ ಸಿ, ಅಂದರೆ ಸೆಟ್‌ನ ಕೊನೆಯ ಗಂಟೆ. ಪುಣ್ಯಕ್ಕೆ ಅಷ್ಟಕ್ಕೇ ನಿಂತಿತು!

ಎರಡನೇ ಸಾಲಿನಲ್ಲೇ ನಿಜವಾದ ತೊಡಕು. ಎ ಫ್ಲ್ಯಾಟ್, ಬಿ ಫ್ಲ್ಯಾಟ್, ಸಿ ಮೂರೂ ಒಬ್ಬರಿಗೇ ಬಂದರೆ, ಕೈಗೊಂದು ಗಂಟೆಯಂತೆ ಎರಡು ಕೈ ಸಾಲದು. ಸಿ ಪಕ್ಕದವರಿಗೆ ಕೊಟ್ಟೆ. ಮುಂದೆ ಎಫ್, ಜಿ ನುಡಿಯುವಷ್ಟರಲ್ಲಿ ಎ ಫ್ಲ್ಯಾಟ್ ಇಟ್ಟು ಎ ನ್ಯಾಚುರಲ್ ಎತ್ತಿಕೊಳ್ಳಬಹುದು. ಸ್ವರಮೇಳ ಬದಲಾದಾಗಲೆಲ್ಲ ಗಂಟೆಯನ್ನು ಹೆಗಲಿಗೊತ್ತಿ ನಾದ ನಿಲ್ಲಿಸಬೇಕು. ನಾದವನ್ನು ತಡೆಯದೆ ಮೊಳಗಲು ಬಿಡಿ ಎನ್ನುವ ‘ಎಲ್‌ವಿ’ (ಲೆಟ್ ವೈಬ್ರೇಟ್) ಗುರುತು ಕೊನೆಯ ಸ್ವರಮೇಳಕ್ಕೆ ಮಾತ್ರ.