ಕತ್ತರಿಸಿ ಎಸೆಯುವ ಐದೂವರೆ ಇಂಚು: ರೆಕಾರ್ಡುಗಳ ಪುಸ್ತಕಕ್ಕೆ ಪುಟ ಕಟ್ಟಿದ ನನ್ನ ಅನುಭವ

ಕನ್ನಡ ಚಲನಚಿತ್ರಗೀತೆಗಳ ರೆಕಾರ್ಡುಗಳನ್ನು ಕುರಿತು ಸಂಗ್ರಾಹಕ ಮಿತ್ರರೊಬ್ಬರು ಬರೆದ ಪುಸ್ತಕಕ್ಕೆ ನಾನು ಮೂರು ಸಲ ಪುಟವಿನ್ಯಾಸ ಮಾಡಿದೆ. ಮೊದಲ ಎರಡು ಸಲ ಹಣವೂ ಹೋಯಿತು, ಮರ್ಯಾದೆಯೂ ಸ್ವಲ್ಪ ಹೋಯಿತು. ಮೂರನೆಯದರ ಡಮ್ಮಿಯನ್ನು, ಎಂದರೆ ಕಚ್ಚಾ ಮಾದರಿ ಪ್ರತಿಯನ್ನು, ನೋಡಿದ ಮುದ್ರಣಾಲಯದ ಮಾಲೀಕರು, "ಸಾರ್, ಇದು ಪುಸ್ತಕ ಅಲ್ಲ, ಕ್ಯಾಲೆಂಡರು" ಎಂದಿದ್ದರು. ಈಗ ಅದೇ ಪುಸ್ತಕ ಅವರ ಕೌಂಟರಿನ ಮೇಲೆ ಮಾದರಿಯಾಗಿ ಕುಳಿತಿದೆ.

ರೆಕಾರ್ಡಿನ ಪುಸ್ತಕವೆಂದರೆ ಚೌಕವಾಗಿರಬೇಕೆಂಬ ಹಟದಿಂದ ನಾನು ಮೊದಲು 8.5 ಇಂಚಿನ ಚೌಕ ಪುಟವನ್ನೇ ಹಿಡಿದಿದ್ದೆ. ಇ.ಪಿ. ಎಂಬ ಏಳು ಇಂಚಿನ ಚಿಕ್ಕ ರೆಕಾರ್ಡಿನ ಹೊದಿಕೆ ಸುಮಾರು ಏಳೂಕಾಲು ಇಂಚು ಇರುವುದರಿಂದ, ಅದನ್ನು ಕುಗ್ಗಿಸದೆ ಇದ್ದ ಅಳತೆಯಲ್ಲೇ ಅಚ್ಚುಮಾಡಬಹುದೆಂಬುದು ನನ್ನ ಲೆಕ್ಕ. ಆದರೆ 23x36 ಇಂಚಿನ ಅಚ್ಚಿನ ಹಾಳೆಯ ಮೇಲೆ ಅಂತಹ ಪುಟಗಳನ್ನು ಬ್ಲೀಡ್ (ಅಂಚಿನಾಚೆ ಹೆಚ್ಚಾಗಿ ಬಿಟ್ಟು ಆಮೇಲೆ ಕತ್ತರಿಸುವ ಜಾಗ) ಸಮೇತ ಸಾಲಿಗೆ ನಾಲ್ಕರಂತೆ ಎರಡು ಸಾಲು ಜೋಡಿಸಿದರೆ, ಉದ್ದದಲ್ಲಿ 35 ಇಂಚು ತುಂಬಿ, ಅಗಲದಲ್ಲಿ ಹದಿನೇಳೂವರೆ ಮಾತ್ರ ತುಂಬುತ್ತದೆ. ಉಳಿದ ಐದೂವರೆ ಇಂಚಿನ ಪಟ್ಟಿ, ಎಂದರೆ ಹೆಚ್ಚುಕಡಿಮೆ ಕಾಲುಭಾಗ ಕಾಗದ, ನೇರವಾಗಿ ರದ್ದಿಗೆ. 130 ಜಿ.ಎಸ್.ಎಂ.ನ (ಚದರ ಮೀಟರಿಗೆ 130 ಗ್ರಾಂ ತೂಗುವ) ಮ್ಯಾಟ್ ಆರ್ಟ್ ಎಂಬ ನುಣುಪು ಕಾಗದಕ್ಕೆ ನಾವು ತೆತ್ತದ್ದು ನಲವತ್ತು ನಲವತ್ತೈದು ಸಾವಿರವಿರಬೇಕು. ಅದರಲ್ಲಿ ಹತ್ತು ಸಾವಿರವನ್ನು ಕಟಿಂಗ್ ಯಂತ್ರದ ಬಾಯಿಗೆ ಹಾಕಲು ಮಿತ್ರರು ಒಪ್ಪಲಿಲ್ಲ.

ಎರಡನೆಯ ಸಲ ಮಾಮೂಲಿ 8.5x11ಕ್ಕೆ ಬಂದು, ಚಿತ್ರಗಳನ್ನು ಚಿಕ್ಕದಾಗಿಸಿ, ಬರಹವನ್ನು ಎರಡು ಕಾಲಂ ಮಾಡಿ, ಎರಡೂ ಬದಿ ಸಮಗೊಳಿಸಿದೆ. ಕನ್ನಡದಲ್ಲಿ ಕಿರಿದಾದ ಕಾಲಂ ಏನು ಮಾಡುತ್ತದೆಂಬುದು ಈ ಕೆಲಸದಲ್ಲಿರುವವರಿಗೆ ಹೇಳಬೇಕಾಗಿಲ್ಲ. "ಧ್ವನಿಮುದ್ರಿಸಿಕೊಂಡಿದ್ದರಿಂದ" ಎಂಬ ಒಂದೇ ಪದ ಅರ್ಧ ಸಾಲು ತಿಂದು, ಉಳಿದ ಎರಡು ಪದಗಳ ನಡುವೆ ಎತ್ತಿನಗಾಡಿ ಹೋಗುವಷ್ಟು ಜಾಗ ಬಿಟ್ಟಿತ್ತು. ಹಳೆಯ 'ನುಡಿ' ತಂತ್ರಾಂಶದ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿದಾಗ ಅರ್ಕಾವೊತ್ತುಗಳು ಸ್ಥಳ ಬದಲಿಸಿದ್ದು ಬೇರೆ. ಅವನ್ನು ತಿದ್ದುವುದಕ್ಕೇ ನನಗೆ ಎರಡು ವಾರ ಹಿಡಿಯಿತು.

ಮೂರನೆಯ ಉಪಾಯ ಹೊಳೆದದ್ದು ಆ ರದ್ದಿ ಪಟ್ಟಿಯಿಂದಲೇ. ಐದೂವರೆ ಇಂಚನ್ನು ಎರಡು ಸಾಲಿನ ಪುಟಗಳಿಗೆ ಹಂಚಿ, ಯಂತ್ರ ಹಾಳೆಯನ್ನು ಕಚ್ಚಿ ಹಿಡಿಯುವ ಗ್ರಿಪ್ಪರಿಗೆ ಅರ್ಧ ಇಂಚು ಬಿಟ್ಟರೆ, ಪ್ರತಿ ಪುಟಕ್ಕೂ ಎರಡೂವರೆ ಇಂಚು ಸಿಗುತ್ತದೆ. ಆದ್ದರಿಂದ ಪುಟದ ಮೇಲ್ಭಾಗದ ಚೌಕವನ್ನು ಪೂರ್ತಿಯಾಗಿ ರೆಕಾರ್ಡಿಗೆ ಬಿಟ್ಟು, ಬರಹವನ್ನೆಲ್ಲ ಕೆಳಗಿನ ಎರಡೂವರೆ ಇಂಚಿನ ಪಟ್ಟಿಗೆ ಇಳಿಸಿದೆ. ಅಳತೆ ಅದೇ 8.5x11, ಕಾಗದ ನಷ್ಟವಿಲ್ಲ, ಹೊದಿಕೆ ಮಾತ್ರ ಇದ್ದಷ್ಟೇ ದೊಡ್ಡದು. ಪಟ್ಟಿಯ ಬರಹವನ್ನು 9 ಪಾಯಿಂಟಿನ ಅಕ್ಷರಕ್ಕೆ 11 ಪಾಯಿಂಟಿನ ಸಾಲಂತರದಲ್ಲಿ ಕೂರಿಸಿದಾಗ "ರಾಷ್ಟ್ರ"ದ ಒತ್ತುಗಳು ಕೆಳಸಾಲಿನ ಗುಡಿಸಿನ ತಲೆಗೆ ತಾಗುತ್ತಿದ್ದವು, 14.5ಕ್ಕೆ ಏರಿಸಿದ ಮೇಲೆ ಜಗಳ ನಿಂತಿತು. ಬಲಬದಿಯನ್ನು ಸಮಗೊಳಿಸದೆ ಬಿಟ್ಟದ್ದಕ್ಕೆ ಕರಡು ತಿದ್ದುವ ಹಿರಿಯರು "ಕೆಲಸ ಅರ್ಧಕ್ಕೇ ಬಿಟ್ಟ ಹಾಗಿದೆ" ಎಂದು ಆಕ್ಷೇಪಿಸಿದರು. ನಾನು ಜಗ್ಗಲಿಲ್ಲ.

ಎಲ್.ಪಿ. ಎಂಬ ದೊಡ್ಡ ರೆಕಾರ್ಡುಗಳದ್ದು ಬೇರೆಯೇ ತಲೆನೋವು. ಹನ್ನೆರಡು ಇಂಚಿನ ತಟ್ಟೆಯನ್ನು ಕುಗ್ಗಿಸಿ ಇ.ಪಿ.ಯಷ್ಟೇ ತೋರಿಸಿದರೆ ಓದುಗರಿಗೆ ಸುಳ್ಳು ಹೇಳಿದಂತೆ. ಎರಡು ಪುಟಕ್ಕೆ ಹರಡಿದರೆ ನಡುವಿನ ತೂತು ಹೊಲಿಗೆಯೊಳಗೆ ಹೂತುಹೋಗಿ ಲೇಬಲ್ಲು ಒಡೆದ ಹಪ್ಪಳದಂತೆ ಕಾಣುತ್ತಿತ್ತು. ಕೊನೆಗೆ ಅದನ್ನೂ ನಿಜವಾದ ಅಳತೆಯಲ್ಲೇ ಇಟ್ಟು, ಪುಟದ ಅಂಚಿನಾಚೆ ಹರಿಯಬಿಟ್ಟು, ನಾಲ್ಕು ಇಂಚಿನ ಲೇಬಲ್ಲು ಮಾತ್ರ ಇಡಿಯಾಗಿ ಉಳಿಯುವಂತೆ ಮಾಡಿದೆ. ಹೊದಿಕೆಯ ಪೂರ್ಣ ಚಿತ್ರವನ್ನು ಕೆಳಪಟ್ಟಿಯಲ್ಲಿ ಎರಡು ಇಂಚಿನಷ್ಟು ಚಿಕ್ಕದಾಗಿ ಕೊಟ್ಟೆ. "ತಟ್ಟೆ ಕತ್ತರಿಸಿಬಿಟ್ಟಿರಲ್ಲ" ಎಂದು ಮಿತ್ರರು ಒಂದು ವಾರ ಸರಿಯಾಗಿ ಮಾತಾಡಲಿಲ್ಲ.

ಹೆಚ್ಚು ದುಡ್ಡು ನುಂಗಿದ್ದು ಕಪ್ಪು. ತಟ್ಟೆಗಳನ್ನು ಸ್ಕ್ಯಾನ್ ಮಾಡಿದಾಗ ಹಾಡು ಕೊರೆದ ಸುರುಳಿ ಗೀರುಗಳೂ ಮುದ್ರಣದ ಚುಕ್ಕಿಗಳೂ ಸೇರಿ ರೇಷ್ಮೆ ಸೀರೆಯ ಮೇಲಿನಂತಹ ಅಲೆಗಳೆದ್ದವು; ಸುಮಾರು ಅರವತ್ತು ಚಿತ್ರಗಳನ್ನು ಎಸೆದು, ಕ್ಯಾಮೆರಾದಲ್ಲಿ ಪಕ್ಕದ ಬೆಳಕಿನಿಂದ ಮತ್ತೆ ತೆಗೆದೆ. ಡಿಜಿಟಲ್ ಪ್ರೂಫಿನಲ್ಲಿ ಕಾಡಿಗೆಯಂತಿದ್ದ ಕಪ್ಪು ಆಫ್‌ಸೆಟ್‌ನಲ್ಲಿ ಬೂದಿಯಾಗಿ ಬಂತು. ನಾಲ್ಕೂ ಬಣ್ಣ ತುಂಬಿಸಿದರೆ ಶಾಯಿ ಒಣಗದೆ ಎದುರಿನ ಹಾಳೆಗೆ ಅಂಟಿಕೊಂಡಿತು. ಯಂತ್ರದ ಮೇಲೆ ಎರಡು ಸಲ ಪ್ರೂಫ್ ತೆಗೆಸಿದ್ದಕ್ಕೇ ಹದಿನೈದು ಸಾವಿರ ಆಯಿತು. ಕಡೆಗೆ ನಾನು ಬಳಸಿದ್ದು ಶೇಕಡ ನೂರರ ಕಪ್ಪಿನ ಜೊತೆಗೆ ಇನ್ನೊಂದೇ ಬಣ್ಣ. ಅದು ಯಾವುದು, ಎಷ್ಟು ಎಂಬುದನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ದೀಪವನ್ನು ಯಾವ ಕೋನದಲ್ಲಿ ಇಟ್ಟೆನೆಂಬುದನ್ನೂ ಅಷ್ಟೇ.

ಮುಖಪುಟದ ತಟ್ಟೆಯ ನಡುವೆ ನಿಜವಾದ ಏಳು ಮಿಲಿಮೀಟರ್ ತೂತು ಕೊರೆಸುವ ಹುಚ್ಚೂ ಬಂದಿತ್ತು. ಹತ್ತು ಡಮ್ಮಿಗಳಲ್ಲಿ ಆರರಲ್ಲಿ ಲ್ಯಾಮಿನೇಷನ್ ಅಲ್ಲಿಂದಲೇ ಎದ್ದು ಬಂತು. ಗೀರುಗಳ ಮೇಲೆ ಮಾತ್ರ ಹೊಳಪಿನ ವಾರ್ನಿಷ್ ಹಾಕಿಸಿದ್ದು ಚೆನ್ನಾಗಿಯೇ ಇತ್ತು, ಆದರೆ ಮುಟ್ಟಿದವರೆಲ್ಲರ ಬೆರಳಚ್ಚು ಅದರಲ್ಲಿ ಮೂಡುತ್ತಿತ್ತು. ಎರಡನ್ನೂ ಕೈಬಿಟ್ಟೆ.

ಒಟ್ಟು 160 ಪುಟ, ಐನೂರು ಪ್ರತಿ, ಹೊಲಿಗೆಯ ಬೈಂಡಿಂಗ್ ಸೇರಿ ಎರಡೂಮುಕ್ಕಾಲು ಲಕ್ಷದ ಆಸುಪಾಸು ಆಯಿತು. ಮೊದಲ ಪ್ರತಿ ಬಂದ ದಿನ ಮಿತ್ರರು ಏನೂ ಹೇಳದೆ ಕಪಾಟಿನಿಂದ ಒಂದು ಇ.ಪಿ. ತಂದು ಅದರದೇ ಪುಟದ ಮೇಲಿಟ್ಟರು; ನಾಲ್ಕು ಅಂಚೂ ಕೂತವು. ಬಳಿಕ ಕನ್ನಡಕ ಸರಿಮಾಡಿಕೊಂಡು, ಏಳನೆಯ ಫಾರಂನಲ್ಲಿ (ಒಂದೇ ಹಾಳೆಯಲ್ಲಿ ಅಚ್ಚಾದ ಪುಟಗಳ ಕಂತೆಯಲ್ಲಿ) ಲೇಬಲ್ಲಿನ ಕೆಂಪು ಕಿತ್ತಳೆಯತ್ತ ಜಾರಿರುವುದನ್ನು ತೋರಿಸಿದರು. ಎರಡನೆಯ ಮುದ್ರಣಕ್ಕೆಂದು ಆ ಫಾರಂನ ಕಡತವನ್ನು ನಾನು ಬೇರೆಯಾಗಿ ತೆಗೆದಿಟ್ಟಿದ್ದೇನೆ.