ಏಟು ಬಿದ್ದಿದ್ದು ಬೆರಳಿಗೆ ಗೊತ್ತಾಗಬೇಕು: ಗೇಮ್ ಕಂಟ್ರೋಲರ್ ಹದ ಮಾಡುವುದು ಹೇಗೆ?

‘ಮಾಮ, ನಾನು ಸರಿಯಾಗೇ ಒತ್ತಿದ್ದೆ. ಅದೇ ಉರುಳಲಿಲ್ಲ.’

ಅಕ್ಕನ ಮಗ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾನೆ. ದಸರಾ ರಜೆಗೆ ಬಂದವನು ನಮ್ಮ ಹಾಲಿನ ಟಿವಿಗೆ ಕಂಪ್ಯೂಟರ್ ಸಿಕ್ಕಿಸಿ ‘ಎಲ್ಡನ್ ರಿಂಗ್’ ಆಡುತ್ತಾ ಕೂತಿದ್ದ. ಮಾರ್ಗಿಟ್ ಎಂಬ ಬಾಸ್ (ದಾರಿ ಕಾಯುವ ದೊಡ್ಡ ಶತ್ರು) ಕೋಟೆಬಾಗಿಲಲ್ಲಿ ಅವನನ್ನು ಕೊಲ್ಲುತ್ತಲೇ ಇದ್ದ. ಸತ್ತಾಗಲೆಲ್ಲ ಹುಡುಗನದು ಇದೇ ಮಾತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನೂ ರೇಗಿಸಿದೆ. ಆಮೇಲೆ ಪ್ಯಾಡ್, ಅಂದರೆ ಕಂಟ್ರೋಲರ್, ಕೈಗೆ ತಗೊಂಡು ನೋಡಿದರೆ, ನೆಲ ನಿಜವಾಗಿಯೂ ಡೊಂಕಾಗಿತ್ತು.

ಎಲ್ಡನ್ ರಿಂಗ್ ಥರದ ಆ್ಯಕ್ಷನ್ ಆರ್‌ಪಿಜಿ (ರೋಲ್ ಪ್ಲೇಯಿಂಗ್) ಗೇಮ್‌ಗಳಲ್ಲಿ ಪಾತ್ರ ಬೆಳೆಸುವುದು, ಆಯುಧ ಹುಡುಕುವುದು ಎಲ್ಲ ಇರುತ್ತದೆ. ಆದರೆ ಕೊನೆಗೆ ಬಾಳುವುದು ಜಗಳವೇ. ಕತ್ತಿ ಬೀಸಿದರೆ ಬೀಸಿದ ಹಾಗೆ ಅನ್ನಿಸಬೇಕು. ಒತ್ತಿದ ಕ್ಷಣ ಪಾತ್ರ ಪಕ್ಕಕ್ಕೆ ಸರಿಯಬೇಕು. ಇದನ್ನೇ ಆಡುವವರು ‘ಫೀಲ್’ ಅನ್ನುತ್ತಾರೆ. ಹೆಬ್ಬೆರಳಿನಿಂದ ಹೊರಟ ಸುದ್ದಿ ಪರದೆಗೆ ಮುಟ್ಟುವುದರೊಳಗೆ ಕೇಬಲ್, ವಿಂಡೋಸ್, ಗೇಮ್, ಟಿವಿ ಎಂದು ನಾಲ್ಕಾರು ಸ್ಟಾಪ್‌ಗಳಿವೆ. ಶಟಲ್ ಬಸ್ಸಿನ ಹಾಗೆ ಪ್ರತಿ ಸ್ಟಾಪಿನಲ್ಲೂ ಒಂದಿಷ್ಟು ಹೊತ್ತು ನಿಲ್ಲುತ್ತದೆ. ಅದಕ್ಕೇ ನನ್ನ ಕ್ರಮ ಹೀಗೆ: ಮೊದಲು ಹೊರಗಿನದು, ಆಮೇಲೆ ಗೇಮ್ ಒಳಗಿನದು, ಬೆರಳಿನ ತಪ್ಪು ಹುಡುಕುವುದು ಕಟ್ಟಕಡೆಗೆ.

ಮೊದಲು ವೈರ್

ಹದ ಮಾಡುವಷ್ಟು ಹೊತ್ತು ಬ್ಲೂಟೂತ್ ಬೇಡ. ಯುಎಸ್‌ಬಿ ಕೇಬಲ್ ಹಾಕಿ. ಏನಾದರೂ ತೊಂದರೆ ಬಂದರೆ ಒಂದು ಅನುಮಾನ ಕಡಿಮೆ. ಮನೆಯಲ್ಲಿ ಬಿದ್ದಿರುವ ಯಾವುದೋ ಮೊಬೈಲ್ ಕೇಬಲ್ ಸಿಕ್ಕಿಸುವಾಗ ಹುಷಾರು. ಕೆಲವು ಕೇಬಲ್‌ಗಳಲ್ಲಿ ಕರೆಂಟ್ ಮಾತ್ರ ಹರಿಯುತ್ತದೆ, ಡೇಟಾ ಹೋಗುವ ತಂತಿಯೇ ಇರುವುದಿಲ್ಲ. ಪ್ಯಾಡಿನ ದೀಪ ಚೆನ್ನಾಗೇ ಉರಿಯುತ್ತದೆ, ಕಂಪ್ಯೂಟರಿಗೆ ಮಾತ್ರ ಅದು ಬಂದಿದ್ದೇ ಗೊತ್ತಿರುವುದಿಲ್ಲ. ಇದು ತಿಳಿಯದೆ ನಾನೊಮ್ಮೆ ಅರ್ಧ ಭಾನುವಾರ ಡ್ರೈವರ್ ಹುಡುಕುತ್ತಾ ಕಳೆದಿದ್ದೇನೆ.

ಪ್ಯಾಡ್ ಜೊತೆ ಪುಟ್ಟ ವೈರ್‌ಲೆಸ್ ಡಾಂಗಲ್ ಬಂದಿದ್ದರೆ ಅದೂ ಆದೀತು. ಸಿಪಿಯು ಡಬ್ಬದ ಹಿಂದೆ ಬೇಡ, ಮುಂದಿನ ಪೋರ್ಟಿಗೆ ಹಾಕಿ. ಪ್ಲೇಸ್ಟೇಷನ್ 5ರ ಡ್ಯುಯಲ್‌ಸೆನ್ಸ್ ಇದ್ದರೆ ವೈರೇ ಒಳ್ಳೆಯದು. ಟ್ರಿಗರ್ (ತೋರುಬೆರಳಿನ ಕುದುರೆಯಂಥ ಬಟನ್) ಬಿಗಿಯಾಗುವ ಅದರ ಮಜಾ ಎಷ್ಟೋ ಪಿಸಿ ಗೇಮ್‌ಗಳಲ್ಲಿ ಕೇಬಲ್ ಇದ್ದರೆ ಮಾತ್ರ ಸಿಗುತ್ತದೆ.

ವಿಂಡೋಸ್‌ಗೆ ಪರಿಚಯ ಮಾಡಿಸಿ

2005ರಲ್ಲಿ ಎಕ್ಸ್‌ಬಾಕ್ಸ್ 360 ಜೊತೆಗೆ ಮೈಕ್ರೋಸಾಫ್ಟ್ ಪ್ಯಾಡ್ ಮತ್ತು ಗೇಮ್ ಮಾತಾಡಿಕೊಳ್ಳಲು ‘ಎಕ್ಸ್‌ಇನ್‌ಪುಟ್’ ಎಂಬ ಹೊಸ ಭಾಷೆ ತಂದಿತು. ಅದಕ್ಕೂ ಹಿಂದಿನದು ‘ಡೈರೆಕ್ಟ್‌ಇನ್‌ಪುಟ್’. ಈಗಿನ ಹೆಚ್ಚಿನ ಪಿಸಿ ಗೇಮ್‌ಗಳು ಹೊಸ ಭಾಷೆಯನ್ನೇ ಕೇಳುತ್ತವೆ. ಅಗ್ಗದ ಪ್ಯಾಡ್‌ಗಳಲ್ಲಿ ಎರಡಕ್ಕೂ ಬದಲಿಸುವ ಸ್ವಿಚ್ಚೋ ಮೋಡ್ ಬಟನ್ನೋ ಇರುತ್ತದೆ. ಅದನ್ನು ‘ಎಕ್ಸ್’ ಕಡೆಗಿಡಿ.

ಈಗ ಕೀಬೋರ್ಡಿನಲ್ಲಿ ವಿಂಡೋಸ್ ಕೀ ಹಿಡಿದು ‘ಆರ್’ ಒತ್ತಿ. ಬರುವ ಡಬ್ಬಿಯಲ್ಲಿ ಜೆ, ಒ, ವೈ, ಒಂದು ಚುಕ್ಕಿ, ಸಿ, ಪಿ, ಎಲ್ ಎಂದು ಬಿಡಿಸದೆ ಟೈಪ್ ಮಾಡಿ ಎಂಟರ್ ಕೊಡಿ. ನಿಮ್ಮ ಪ್ಯಾಡಿನ ಹೆಸರು ಬರುತ್ತದೆ. ‘ಪ್ರಾಪರ್ಟೀಸ್’ ಒತ್ತಿದರೆ ಪ್ರತಿ ಬಟನ್‌ಗೂ ಒಂದು ಕೆಂಪು ದೀಪ, ಹೆಬ್ಬೆರಳಿನಿಂದ ಬಗ್ಗಿಸುವ ಸ್ಟಿಕ್‌ಗೆ ಒಂದು ಚೌಕ. ಒಂದೊಂದೇ ಒತ್ತಿ ನೋಡಿ. ಈ ಪರೀಕ್ಷೆಗೆ ಎರಡು ನಿಮಿಷ ಸಾಕು. ಗೇಮ್ ಬೈಯುವ ಎಷ್ಟೋ ಜನ ಇಷ್ಟನ್ನೂ ಮಾಡಿರುವುದಿಲ್ಲ.

ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡು ಆಡುವವರಿಗೆ ಇನ್ನೊಂದು ಕಾಟ ಇದೆ. ಗೇಮ್‌ಗೂ ಪ್ಯಾಡ್‌ಗೂ ಮಧ್ಯೆ ‘ಸ್ಟೀಮ್ ಇನ್‌ಪುಟ್’ ದುಭಾಷಿಯ ಹಾಗೆ ನಿಲ್ಲುತ್ತದೆ. ಬೇರೆ ಬೇರೆ ಪ್ಯಾಡ್‌ಗಳು ಸಲೀಸಾಗಿ ಕೆಲಸ ಮಾಡುವುದು ಇದರಿಂದಲೇ. ಆದರೆ ಕೆಲವೊಮ್ಮೆ ಗೇಮ್ ದುಭಾಷಿಯ ಮಾತನ್ನೂ ಕೇಳುತ್ತದೆ, ಪ್ಯಾಡಿನ ಮಾತನ್ನೂ ಕೇಳುತ್ತದೆ. ಮೆನುವಿನಲ್ಲಿ ಒಂದು ಸಲ ಕೆಳಗೆ ಒತ್ತಿದರೆ ಎರಡು ಸಾಲು ಜಾರಿತಾ? ಹಾಗಾದರೆ ಇದೇ ಕಾರಣ ಇರಬಹುದು. ಲೈಬ್ರರಿಯಲ್ಲಿ ಗೇಮ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಆಮೇಲೆ ಕಂಟ್ರೋಲರ್‌ಗೆ ಹೋಗಿ, ಆ ಗೇಮ್ ಮಟ್ಟಿಗೆ ಸ್ಟೀಮ್ ಇನ್‌ಪುಟ್ ಆಫ್ ಮಾಡಿ ನೋಡಿ. ಪ್ಯಾಡ್ ಪೂರ್ತಿ ಸುಮ್ಮನಾದರೆ ಮತ್ತೆ ಆನ್ ಮಾಡಿ.

ಸ್ಟಿಕ್ಕಿನ ಸತ್ತ ಜಾಗ

ಹಳೆಯ ಸ್ಟಿಕ್ಕನ್ನು ಮುಟ್ಟದೆ ಬಿಟ್ಟರೂ ಅದು ಸರಿಯಾಗಿ ನಡುವೆ ನಿಲ್ಲುವುದಿಲ್ಲ. ಪಾತ್ರ ತಾನೇ ಮೆಲ್ಲಗೆ ನಡೆಯುತ್ತದೆ, ಇಲ್ಲವೇ ಕ್ಯಾಮೆರಾ ತಿರುಗುತ್ತದೆ. ಇದೇ ಡ್ರಿಫ್ಟ್. ಇದನ್ನು ತಡೆಯಲು ನಡುವಿನ ಒಂದಿಷ್ಟು ಜಾಗವನ್ನು ಗೇಮ್ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಅದು ಡೆಡ್‌ಜೋನ್. ಎಕ್ಸ್‌ಇನ್‌ಪುಟ್‌ನಲ್ಲಿ ಸ್ಟಿಕ್ ಒಂದು ಕಡೆ ಪೂರ್ತಿ ಬಗ್ಗಿದರೆ ಬರುವ ಅಂಕಿ 32767. ಅದರಲ್ಲಿ ಎಡ ಸ್ಟಿಕ್‌ಗೆ 7849, ಬಲ ಸ್ಟಿಕ್‌ಗೆ 8689 ತನಕ ಬಿಟ್ಟುಬಿಡಿ ಎಂದು ಮೈಕ್ರೋಸಾಫ್ಟ್ ಗೇಮ್ ಬರೆಯುವವರಿಗೆ ಒಂದು ಅಳತೆ ಕೊಟ್ಟಿದೆ. ಅಂದರೆ ಸುಮಾರು ಕಾಲು ಭಾಗ! ಇದನ್ನು ಹಾಗೇ ಇಟ್ಟುಕೊಂಡ ಗೇಮ್‌ನಲ್ಲಿ ಸ್ಟಿಕ್ ಕಾಲು ದಾರಿ ಹೋಗುವ ತನಕ ಏನೂ ಆಗುವುದಿಲ್ಲ. ‘ಯಾಕೋ ಭಾರ, ಮೈಗಳ್ಳ ಥರ ಇದೆ’ ಅನ್ನಿಸುವುದು ಇದಕ್ಕೇ.

ಗೇಮ್ ಸೆಟ್ಟಿಂಗ್ಸ್‌ನಲ್ಲಾಗಲಿ ಸ್ಟೀಮ್‌ನಲ್ಲಾಗಲಿ ಡೆಡ್‌ಜೋನ್ ಇದ್ದರೆ ಪೂರ್ತಿ ಸೊನ್ನೆಗೆ ಇಳಿಸಿ. ಪಾತ್ರ ತಾನಾಗಿ ಅಲುಗಾಡುತ್ತದೆ. ಈಗ ಒಂದೊಂದೇ ಗೀಟು ಏರಿಸುತ್ತಾ ಬನ್ನಿ. ಸ್ಟಿಕ್ಕನ್ನು ನಾಲ್ಕೂ ಕಡೆ ಬಗ್ಗಿಸಿ ಪಟ್ಟನೆ ಬಿಡಿ, ಮತ್ತೆ ನೋಡಿ. ಅಲುಗಾಟ ನಿಂತ ಮೇಲೆ ಇನ್ನೊಂದು ಗೀಟು ಏರಿಸಿ ಅಲ್ಲಿಗೇ ನಿಲ್ಲಿಸಿ. ಹೊಸ ಪ್ಯಾಡ್ ಕೊಳ್ಳುವವರು ‘ಹಾಲ್ ಎಫೆಕ್ಟ್’ ಸ್ಟಿಕ್ ಇದೆಯಾ ಎಂದು ಅಂಗಡಿಯವರನ್ನು ಕೇಳಿ. ಅದು ಆಯಸ್ಕಾಂತದಿಂದ ಅಳೆಯುತ್ತದೆ, ಒಳಗೆ ಉಜ್ಜಿ ಸವೆಯುವ ಪಟ್ಟಿ ಇಲ್ಲ.

ಟಿವಿಯೇ ಕಳ್ಳ

ನಮ್ಮ ಹಾಲಿನಲ್ಲಿ ಸಿಕ್ಕಿಬಿದ್ದ ಮುಖ್ಯ ಕಳ್ಳ ಇದು. ಸಿನಿಮಾ ಚೆಂದ ಕಾಣಲಿ ಎಂದು ಟಿವಿ ಪ್ರತಿ ಚಿತ್ರವನ್ನೂ ತಿದ್ದಿ ತೀಡಿ ತೋರಿಸುತ್ತದೆ. ಸಿನಿಮಾಕ್ಕೆ ಅದರಿಂದ ತೊಂದರೆ ಇಲ್ಲ, ಮಾತೂ ಚಿತ್ರವೂ ಒಟ್ಟಿಗೇ ತಡವಾಗುತ್ತವೆ. ಗೇಮ್‌ನಲ್ಲಿ ಮಾತ್ರ ನೀವು ನೋಡುತ್ತಿರುವುದು ಆಗಲೇ ಆಗಿಹೋದ ಏಟನ್ನು.

ಇದನ್ನು ಅಳೆಯಲು ಮೊಬೈಲ್ ಸಾಕು. ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್ ಆಯ್ಕೆ ಮಾಡಿ. ಆಗ ಒಂದು ಫ್ರೇಮ್ ಅಂದರೆ ಸುಮಾರು 4 ಮಿಲಿಸೆಕೆಂಡ್. ಪ್ಯಾಡ್ ಹಿಡಿದ ಹೆಬ್ಬೆರಳು ಮತ್ತು ಪರದೆ ಎರಡೂ ಒಟ್ಟಿಗೆ ಕಾಣುವ ಹಾಗೆ ಮೊಬೈಲ್ ಒರಗಿಸಿಡಿ. ಜಿಗಿಯುವ ಬಟನ್ ಐದಾರು ಸಲ ಒತ್ತಿ. ಆಮೇಲೆ ವಿಡಿಯೊ ಒಂದೊಂದೇ ಫ್ರೇಮ್ ಮುಂದೆ ಸರಿಸುತ್ತಾ, ಬಟನ್ ಕೆಳಗಿಳಿದ ಫ್ರೇಮ್‌ನಿಂದ ಪಾತ್ರದ ಮೊಣಕಾಲು ಮಡಿಯುವ ಫ್ರೇಮ್ ತನಕ ಎಣಿಸಿ. ನಮ್ಮ ಲೆಕ್ಕ 46 ಬಂತು, ಅಂದರೆ 190 ಮಿಲಿಸೆಕೆಂಡ್ ಹತ್ತಿರ. ರಿಮೋಟ್ ತಗೊಂಡು ಟಿವಿಯ ಪಿಕ್ಚರ್ ಸೆಟ್ಟಿಂಗ್ಸ್‌ನಲ್ಲಿ ‘ಗೇಮ್ ಮೋಡ್’ ಆನ್ ಮಾಡಿದೆವು. ಮತ್ತೆ ಎಣಿಸಿದರೆ 27. ಹುಡುಗ ನನ್ನ ಮುಖ ನೋಡಿದ. ನಾನು ಟಿವಿ ನೋಡಿದೆ.

ಫ್ರೇಮ್ ದರದ ಬಗ್ಗೆಯೂ ಒಂದು ಮಾತು. ಸೆಕೆಂಡಿಗೆ 30 ಫ್ರೇಮ್ ಓಡಿದರೆ ಒಂದೊಂದಕ್ಕೂ 33 ಮಿಲಿಸೆಕೆಂಡ್, 60 ಓಡಿದರೆ 17ಕ್ಕೂ ಕಡಿಮೆ. ಎಲ್ಡನ್ ರಿಂಗ್ ಪಿಸಿಯಲ್ಲೂ 60ಕ್ಕಿಂತ ಮೇಲೆ ಹೋಗುವುದಿಲ್ಲ. ನಿಮ್ಮ ಕಂಪ್ಯೂಟರ್ 60 ಮತ್ತು 38ರ ನಡುವೆ ಉಯ್ಯಾಲೆ ಆಡುತ್ತಿದ್ದರೆ ನೆರಳು, ಹುಲ್ಲು ಕಡಿಮೆ ಮಾಡಿ. ಚೆಲುವು ಸ್ವಲ್ಪ ಹೋದರೆ ಹೋಗಲಿ, ಬೆರಳಿಗೆ ಒಂದೇ ತಾಳ ಸಿಗಬೇಕು.

ಈಗ ಗೇಮ್ ಒಳಗೆ

ಎಲ್ಡನ್ ರಿಂಗ್‌ನಲ್ಲಿ ಏಟು ತಪ್ಪಿಸಿಕೊಳ್ಳಲು ಉರುಳುವುದಕ್ಕೂ ಓಡುವುದಕ್ಕೂ ಒಂದೇ ಬಟನ್. ಹಿಡಿದುಕೊಂಡರೆ ಓಟ, ತಟ್ಟಿ ಬಿಟ್ಟರೆ ಉರುಳು. ನೀವು ತಟ್ಟಿದಿರೋ ಹಿಡಿದಿರೋ ಎಂದು ಗೇಮ್‌ಗೆ ಗೊತ್ತಾಗುವುದು ಬೆರಳು ಎತ್ತಿದಾಗಲೇ. ಹಾಗಾಗಿ ಪಾತ್ರ ಉರುಳುವುದು ಬಟನ್ ಒತ್ತಿದಾಗ ಅಲ್ಲ, ಬಿಟ್ಟಾಗ. ಹೆದರಿಕೆಯಲ್ಲಿ ಬಟನ್ ಅಮುಕಿ ಹಿಡಿದರೆ ಹಿಡಿದಷ್ಟೂ ತಡ. ಸೆಕೆಂಡಿನ ಹತ್ತನೇ ಒಂದು ಭಾಗ ಬೆರಳು ಕೂತರೂ ಗೇಮ್‌ನ (ಸೆಕೆಂಡಿಗೆ 60ರ ಲೆಕ್ಕದಲ್ಲಿ) 6 ಫ್ರೇಮ್ ಹೋಯಿತು. ಬಿಸಿ ಕಾವಲಿ ಮುಟ್ಟಿ ನೋಡುತ್ತೇವಲ್ಲ, ಹಾಗೆ ಮುಟ್ಟಿ ತೆಗೆಯಬೇಕು. ಅಕ್ಕನ ಮಗನ ‘ನಾನು ಒತ್ತಿದ್ದೆ’ ಎಂಬ ಮಾತು ಸುಳ್ಳಲ್ಲ. ಒತ್ತಿದ್ದ, ಬಿಟ್ಟಿರಲಿಲ್ಲ.

ಮೈಮೇಲಿನ ತೂಕವನ್ನೂ ನೋಡಿ. ಹೊರುವ ಶಕ್ತಿಯ 30% ಒಳಗಿದ್ದರೆ ಪಾತ್ರ ಹಗುರವಾಗಿ ದೂರ ಉರುಳುತ್ತದೆ, 70% ತನಕ ಸಾಧಾರಣ. ಅದನ್ನು ದಾಟಿದರೆ ಅಕ್ಕಿಮೂಟೆ ಕೆಡವಿದ ಹಾಗೆ ದೊಪ್ಪನೆ ಬೀಳುತ್ತದೆ. ಚೆಂದ ಕಾಣುತ್ತದೆ ಎಂದು ಸಿಕ್ಕ ಕವಚವನ್ನೆಲ್ಲ ತೊಡಿಸಿ, ಕಂಟ್ರೋಲರ್ ಸರಿ ಇಲ್ಲ ಅನ್ನುವವರನ್ನು ಕಂಡಿದ್ದೇನೆ.

ಬೇರೆ ಗೇಮ್‌ಗಳ ಸೆಟ್ಟಿಂಗ್ಸ್ ಕೂಡ ಒಮ್ಮೆ ಪೂರ್ತಿ ಓದಿ. 2015ರ ಮೇ ತಿಂಗಳಲ್ಲಿ ಬಂದ ‘ದ ವಿಚರ್ 3’ರಲ್ಲಿ ನಾಯಕ ಗೆರಾಲ್ಟ್ ತಿರುಗಲು ಲಾರಿಯಷ್ಟು ಜಾಗ ಕೇಳುತ್ತಿದ್ದ. ಜನ ಗೊಣಗಿದರು. ಎರಡೇ ತಿಂಗಳಿಗೆ ಬಂದ 1.07 ಪ್ಯಾಚ್‌ನಲ್ಲಿ ಚುರುಕಾಗಿ ತಿರುಗುವ ಇನ್ನೊಂದು ನಡಿಗೆಯ ಆಯ್ಕೆ ಸೇರಿತು. ಅದು ತಾನಾಗಿ ಆನ್ ಆಗುವುದಿಲ್ಲ, ನೀವೇ ಹುಡುಕಿ ಹಾಕಬೇಕು.

ಬಟನ್ ಜಾಗ ಬದಲಿಸುವ ಮೊದಲು ಒಂದು ಯೋಚನೆ. ಎಲ್ಡನ್ ರಿಂಗ್ ಮಾಡಿದ ಫ್ರಮ್‌ಸಾಫ್ಟ್‌ವೇರ್ ಕಂಪನಿಯ ಇಂಥ ಗೇಮ್‌ಗಳಲ್ಲಿ 2009ರ ‘ಡೀಮನ್ಸ್ ಸೋಲ್ಸ್’ ಕಾಲದಿಂದಲೂ ಕತ್ತಿ ಬೀಸುವುದು ತೋರುಬೆರಳಿಗೆ ಸಿಗುವ, ಪ್ಯಾಡಿನ ಮೇಲಂಚಿನ ‘ಭುಜದ’ ಬಟನ್‌ನಲ್ಲಿ. ಹೆಬ್ಬೆರಳು ಬಲ ಸ್ಟಿಕ್ ಮೇಲೇ ಇದ್ದು ಕ್ಯಾಮೆರಾ ತಿರುಗಿಸುತ್ತಿರಲಿ ಎಂಬ ಲೆಕ್ಕ. ಆದರೆ ಓಡುತ್ತಾ ಕ್ಯಾಮೆರಾ ತಿರುಗಿಸಬೇಕಾದಾಗ ಆ ಹೆಬ್ಬೆರಳು ಎರಡು ಕಡೆ ಬೇಕಾಗುತ್ತದೆ. ಪ್ಯಾಡಿನ ಹಿಂಬದಿಯಲ್ಲಿ ಬಟನ್ ಇದ್ದರೆ (ಕೈಯಲ್ಲಿ ಹಿಡಿದು ಆಡುವ ‘ಸ್ಟೀಮ್ ಡೆಕ್’ ಯಂತ್ರದಲ್ಲಿ ನಾಲ್ಕಿವೆ) ಉರುಳುವ ಬಟನ್ನನ್ನು ಅಲ್ಲಿಗೆ ಸಾಗಿಸಿ. ಮಧ್ಯದ ಬೆರಳಿಗೆ ಎರಡು ದಿನ ಕಷ್ಟ, ಆಮೇಲೆ ಅದೇ ರೂಢಿ.

ಪ್ಯಾಡಿನ ನಡುಕವನ್ನು ಬ್ಯಾಟರಿ ಉಳಿಸಲು ಆಫ್ ಮಾಡುವವರು ಜಾಸ್ತಿ. ನಾನು ಬೇಡ ಅನ್ನುತ್ತೇನೆ. ಕೊಡಲಿ ಸೌದೆಗೆ ಕಚ್ಚಿದಾಗ ಕೈ ಒಂದು ಕ್ಷಣ ನಿಂತುಬಿಡುತ್ತದೆ ಅಲ್ವಾ? ‘ಮಾನ್‌ಸ್ಟರ್ ಹಂಟರ್’ನಲ್ಲಿ ದೊಡ್ಡ ಕತ್ತಿ ಮೃಗದ ಮೈಗೆ ತಾಗಿದಾಗ ಆಟವೇ ಚಿತ್ರವನ್ನು ಕೆಲವು ಫ್ರೇಮ್ ಹಿಡಿದು ನಿಲ್ಲಿಸುತ್ತದೆ. ಇದಕ್ಕೆ ‘ಹಿಟ್ ಸ್ಟಾಪ್’ ಎನ್ನುತ್ತಾರೆ. ಆ ನಿಲುಗಡೆಯೂ ಅಂಗೈಯ ನಡುಕವೂ ಒಟ್ಟಿಗೆ ಬಂದಾಗಲೇ ಏಟಿಗೆ ತೂಕ. ನಡುಕ ತೆಗೆದರೆ ಎಷ್ಟೋ ಸಲ ಆ ನಿಲುಗಡೆ ಲ್ಯಾಗ್ (ಗೇಮ್ ತಡವರಿಸುವುದು) ಥರ ಅನ್ನಿಸುತ್ತದೆ. ಜೋರಾಯಿತು ಅನ್ನಿಸಿದರೆ ಅರ್ಧಕ್ಕೆ ಇಳಿಸಿ, ಸಾಕು.

ಮೌಸ್‌ಗೆ ಹುಟ್ಟಿದ ಗೇಮ್‌ಗಳು

ಮೇಲಿನಿಂದ ನೋಡುವ ‘ಡಯಾಬ್ಲೊ’ ಥರದ ಗೇಮ್‌ಗಳ ಲೆಕ್ಕವೇ ಬೇರೆ. ಮೌಸ್ ಜಾಗ ತೋರಿಸುತ್ತದೆ, ಸ್ಟಿಕ್ ದಿಕ್ಕು ಮಾತ್ರ ತೋರಿಸುತ್ತದೆ. 2012ರಲ್ಲಿ ಪಿಸಿಗೆ ಬಂದ ‘ಡಯಾಬ್ಲೊ 3’ ಪ್ಯಾಡ್ ಮುಟ್ಟಲೇ ಇಲ್ಲ. ಮರುವರ್ಷ ಕನ್ಸೋಲ್‌ಗೆ ಬಂದಾಗ ಬಲ ಸ್ಟಿಕ್ ತಳ್ಳಿದರೆ ಪಕ್ಕಕ್ಕೆ ಹಾರುವ ಹೊಸ ಚಲನೆ ಸೇರಿಸಿದರು. 2023ರ ‘ಡಯಾಬ್ಲೊ 4’ ಪಿಸಿಯಲ್ಲೂ ಮೊದಲ ದಿನದಿಂದ ಪ್ಯಾಡ್ ಒಪ್ಪುತ್ತದೆ. 2024ರ ಡಿಸೆಂಬರ್‌ನಲ್ಲಿ ಅರ್ಲಿ ಆ್ಯಕ್ಸೆಸ್‌ಗೆ (ಪೂರ್ತಿಯಾಗುವ ಮೊದಲೇ ಆಡಲು) ಬಂದ ‘ಪಾತ್ ಆಫ್ ಎಕ್ಸೈಲ್ 2’ರಲ್ಲೂ ಅಷ್ಟೇ, ಅಲ್ಲಿ ಎಷ್ಟು ಸಲ ಬೇಕಾದರೂ ಉರುಳಬಹುದು. ಇಂಥ ಗೇಮ್‌ಗಳಲ್ಲಿ ಪ್ಯಾಡ್ ಹಿಡಿದರೆ ಹತ್ತಿರದವರನ್ನು ಹೊಡೆಯುವ, ಮೈಸುತ್ತ ಹರಡುವ ವಿದ್ಯೆಗಳನ್ನು ಆರಿಸಿ. ದೂರದ ಒಂದು ಮೂಲೆಗೆ ಗುರಿಯಿಟ್ಟು ಬೆಂಕಿ ಸುರಿಸುವ ಆಸೆ ಇದ್ದರೆ ಮೌಸೇ ಸರಿ, ಹಟ ಬೇಡ.

ಕೊನೆಗೆ ಬೆರಳು

ಇಷ್ಟೆಲ್ಲ ಆದ ಮೇಲೂ ಹುಡುಗ ಮಾರ್ಗಿಟ್ ಕೈಯಲ್ಲಿ ಸತ್ತ. ನಾನು ಅಡುಗೆಮನೆಯಲ್ಲಿ ಕಾಫಿ ಬೆರೆಸುತ್ತಿದ್ದೆ. ಹಾಲಿನಿಂದ ಬಟನ್ ಸದ್ದು ಕೇಳುತ್ತಿತ್ತು: ಟಕ ಟಕ ಟಕ ಟಕ. ಕಾಯಿಲೆ ಅಲ್ಲೇ ಗೊತ್ತಾಯಿತು.

ಈ ಗೇಮ್‌ಗಳು ದಿನಸಿ ಅಂಗಡಿಯ ಸಾಲದ ಪುಸ್ತಕ ಇದ್ದ ಹಾಗೆ. ಪಾತ್ರ ಒಂದು ಕೆಲಸದಲ್ಲಿದ್ದಾಗ ನೀವು ಇನ್ನೊಂದು ಬಟನ್ ಒತ್ತಿದರೆ ಅದನ್ನು ಬರೆದಿಟ್ಟುಕೊಂಡು, ಈ ಕೆಲಸ ಮುಗಿದ ತಕ್ಷಣ ಮಾಡಿಸುತ್ತವೆ. ಗಾಬರಿಯಲ್ಲಿ ನಾಲ್ಕು ಸಲ ತಟ್ಟಿದರೆ ಮೊದಲ ಉರುಳು ಬೇಗ ಆಗುತ್ತದೆ, ಬಾಕಿ ಉಳಿದದ್ದು ಸರಿಯಾಗಿ ಏಟು ಬೀಳುವ ಹೊತ್ತಿಗೆ ತೀರುತ್ತದೆ. ಮಾರ್ಗಿಟ್ ಕೋಲು ಎತ್ತಿ ಬೇಕಂತಲೇ ತಡೆದು ಹೊಡೆಯುವುದು ಇಂಥ ಆತುರದವರನ್ನು ಹಿಡಿಯಲಿಕ್ಕೇ.

ಅವನನ್ನು ಬಾಸ್ ಹತ್ತಿರದಿಂದ ಎಬ್ಬಿಸಿ ಗೇಟ್‌ಫ್ರಂಟ್ ಪಾಳಿನ ಸೈನಿಕರ ಬಳಿಗೆ ಕಳಿಸಿದೆ. ನಿಯಮ ಇಷ್ಟೇ. ಒಬ್ಬನನ್ನು ಮಾತ್ರ ದೂರ ಎಳೆದುಕೊಂಡು ಬರಬೇಕು. ಬಲ ಸ್ಟಿಕ್ ಒತ್ತಿ ಅವನ ಮೇಲೆ ಲಾಕ್ ಮಾಡಬೇಕು, ಅಂದರೆ ನೋಟ ಅವನ ಮೇಲೇ ನಿಲ್ಲುವ ಹಾಗೆ. ತಿರುಗಿ ಹೊಡೆಯುವ ಹಾಗಿಲ್ಲ. ಕತ್ತಿ ಎತ್ತಿದಾಗ ಅಲ್ಲ, ಕೆಳಗಿಳಿಯಲು ಶುರುವಾದಾಗ ಒಂದೇ ಸಲ ತಟ್ಟಬೇಕು. ಹಿಂದಕ್ಕೆ ಓಡದೆ ಅವನ ಪಕ್ಕಕ್ಕೇ ಉರುಳಬೇಕು, ಏಕೆಂದರೆ ಉರುಳಿನ ಶುರುವಿನಲ್ಲಿ ಸ್ವಲ್ಪ ಹೊತ್ತು ಏಟು ತಾಗುವುದೇ ಇಲ್ಲ. ಹೀಗೆ ಸಾಲಾಗಿ ಹತ್ತು ತಪ್ಪಿಸಿಕೊಂಡರೆ ಮುಗಿಯಿತು. ಎರಡು ಸಲ ತಟ್ಟಿದರೆ ಲೆಕ್ಕ ಮತ್ತೆ ಒಂದರಿಂದ.

ನಾನು ಕಾಫಿ ಲೋಟ ಹಿಡಿದು ಪಕ್ಕದಲ್ಲಿ ಕೂತು, ಕಣ್ಣು ಮುಚ್ಚಿ ಬಟನ್ ಸದ್ದು ಮಾತ್ರ ಎಣಿಸಿದೆ. ಮೊದಲ ಅರ್ಧ ಗಂಟೆ ಮೂರು ದಾಟಲಿಲ್ಲ. ಊಟದ ಹೊತ್ತಿಗೆ ಏಳಕ್ಕೆ ಬಂದಿದ್ದ.